ಕೋವಿಡ್ ವಾಸಿಯಾಗಿದೆ, ಕಂಪನಿ ‘ನೆಗೆಟಿವ್ ರಿಪೋರ್ಟ್ ತನ್ನಿ’ ಅನ್ನುತ್ತಿದೆ. ಏನು ಮಾಡಲಿ?

ಪ್ರಶ್ನೆ (ಜೂನ್ 2025): ನಮಸ್ಕಾರ ಡಾಕ್ಟರ್. ನಮ್ಮೂರು ಶ್ರೀರಂಗಪಟ್ಟಣದ ಹತ್ತಿರ. ಮೈಸೂರಿನ ಹೂಟಗಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಅಸೆಂಬ್ಲಿ ಲೈನ್‌ನಲ್ಲಿ ಕೆಲಸ ಮಾಡುತ್ತೇನೆ. ಕಂಪನಿ ಬಸ್ಸಿನಲ್ಲೇ ಓಡಾಟ. ಜೂನ್ 1ರಂದು ಜ್ವರ ಬಂತು, 2ರಂದು ಟೆಸ್ಟ್ ಮಾಡಿಸಿದೆ, ಕೋವಿಡ್ ಪಾಸಿಟಿವ್. 4ರಿಂದ ಜ್ವರ ಇಲ್ಲ. ಏಳು ದಿನ ಮನೆಯಲ್ಲಿದ್ದು 10ರಂದು ಕೆಲಸಕ್ಕೆ ಹೋದರೆ ಎಚ್‌ಆರ್‌ನವರು ಗೇಟಿನಲ್ಲೇ ನಿಲ್ಲಿಸಿ ಆರ್‌ಟಿ-ಪಿಸಿಆರ್ ನೆಗೆಟಿವ್ ರಿಪೋರ್ಟ್ ಕೇಳಿದರು. 11ರಂದು ಕೈಯಿಂದ ದುಡ್ಡು ಕೊಟ್ಟು ಮಾಡಿಸಿದೆ, ಮತ್ತೆ ಪಾಸಿಟಿವ್! ಇನ್ನೂ 14 ದಿನ ಬಿಟ್ಟು ನೆಗೆಟಿವ್ ತಗೊಂಡು ಬಾ ಅನ್ನುತ್ತಿದ್ದಾರೆ. ಅಷ್ಟು ದಿನ ಸಂಬಳ ಇಲ್ಲವಂತೆ. ನನ್ನ ಸಂಬಳ 15,600 ರೂಪಾಯಿ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡ್ ಇದೆ, ಬಳಸಿಲ್ಲ. ಈಗ ಸ್ವಲ್ಪ ಕೆಮ್ಮು ಬಿಟ್ಟರೆ ಆರಾಮಾಗಿದ್ದೇನೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅತ್ತೆ ಇದ್ದಾರೆ. ನನ್ನಿಂದ ಬೇರೆಯವರಿಗೆ ಇನ್ನೂ ಹರಡುತ್ತದಾ? ಕಂಪನಿ ಹೇಳುವುದು ಸರಿಯಾ?

ಉತ್ತರ: ಮೊದಲು ನಿಮ್ಮ ಭಯಕ್ಕೆ ಉತ್ತರ. ಎರಡನೇ ಸಲ ಪಾಸಿಟಿವ್ ಬಂದಿದೆ ಅಂದ ಮಾತ್ರಕ್ಕೆ ಕಾಯಿಲೆ ಉಳಿದಿದೆ ಅಂತಲ್ಲ. ಮೂರನೇ ಸಲ ಟೆಸ್ಟ್ ಮಾಡಿಸಬೇಡಿ, ಅದು ದಂಡ. ಜ್ವರ ಬಿಟ್ಟು ಹತ್ತು ದಿನವಾಗುತ್ತಾ ಬಂದಿದೆ. ನಿಮ್ಮಿಂದ ಬೇರೆಯವರಿಗೆ ಹರಡುವ ಸಾಧ್ಯತೆ ಈಗ ತೀರಾ ಕಡಿಮೆ. ಮಾಸ್ಕ್ ಹಾಕಿಕೊಂಡು ಕೆಲಸಕ್ಕೆ ಹೋಗಬಹುದು. ಕಂಪನಿ ನಿಮ್ಮ ಬಳಿ ಕೇಳಬೇಕಾಗಿದ್ದು ವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್. ಅದನ್ನು ಕೇಳುವುದರಲ್ಲಿ ತಪ್ಪಿಲ್ಲ. ನೆಗೆಟಿವ್ ರಿಪೋರ್ಟ್ ಕೇಳಿದ್ದು ತಪ್ಪು.

ಯಾಕೆ ತಪ್ಪು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಳೆ ಎಚ್‌ಆರ್ ಮುಂದೆ ಕೂತು ಮಾತಾಡಬೇಕಾದವರು ನೀವೇ.

ಆರ್‌ಟಿ-ಪಿಸಿಆರ್ ಹುಡುಕುವುದು ವೈರಸ್ಸಿನ ಆರ್‌ಎನ್‌ಎ ಚೂರುಗಳನ್ನು. ಆ ಚೂರು ಬದುಕಿರುವ ವೈರಸ್ಸಿನದೋ, ನಿಮ್ಮ ದೇಹ ಹೊಡೆದು ಹಾಕಿದ ವೈರಸ್ಸಿನದೋ ಅಂತ ಆ ಟೆಸ್ಟಿಗೆ ಗೊತ್ತಾಗುವುದಿಲ್ಲ. ಜಾತ್ರೆ ಮುಗಿದ ಮೇಲೂ ನಾಲ್ಕು ದಿನ ಬಯಲಲ್ಲಿ ಕಾಗದ, ಬಾಳೆಲೆ ಬಿದ್ದಿರುತ್ತವಲ್ಲ, ಹಾಗೆ ಈ ಚೂರುಗಳು ಮೂಗಿನಲ್ಲಿ ವಾರಗಟ್ಟಲೆ ಉಳಿಯುತ್ತವೆ. ಕೆಲವರಲ್ಲಿ ಮೂರು ತಿಂಗಳವರೆಗೂ ಸಿಕ್ಕಿದ್ದುಂಟು. ಹಾಗಾಗಿ ವಾಸಿಯಾದ ಮೇಲೆ ಯಾವ ದಿನ ನೆಗೆಟಿವ್ ಬರುತ್ತದೆ ಅಂತ ಯಾರೂ ಹೇಳಲಾರರು. ನಿಮ್ಮ ಸಂಬಳವನ್ನು ಆ ದಿನಕ್ಕೆ ಕಟ್ಟಿ ಹಾಕುವುದು ನ್ಯಾಯ ಅಲ್ಲ.

ನಿಮ್ಮ ಎರಡು ರಿಪೋರ್ಟ್‌ಗಳನ್ನೂ ತೆಗೆದು ನೋಡಿ. ಸಾಮಾನ್ಯವಾಗಿ ಕೆಳಗಡೆ ‘ಸಿಟಿ ವ್ಯಾಲ್ಯೂ’ ಅಂತ ಒಂದು ಸಂಖ್ಯೆ ಇರುತ್ತದೆ. ಯಂತ್ರ ಎಷ್ಟು ಸುತ್ತು ಓಡಿದ ಮೇಲೆ ಚೂರು ಕಣ್ಣಿಗೆ ಬಿತ್ತು ಅನ್ನುವ ಲೆಕ್ಕ ಅದು. ಪ್ರತಿ ಸುತ್ತಿಗೂ ಚೂರುಗಳು ದುಪ್ಪಟ್ಟಾಗುತ್ತವೆ. ಅಂದರೆ ಸಂಖ್ಯೆ ದೊಡ್ಡದಾದಷ್ಟೂ ಮೂಗಿನಲ್ಲಿದ್ದದ್ದು ಕಡಿಮೆ. ಮೊದಲ ರಿಪೋರ್ಟಿನಲ್ಲಿ 19 ಇದ್ದು ಎರಡನೆಯದರಲ್ಲಿ 34 ಇದ್ದರೆ, ನಡುವೆ 15 ಸುತ್ತಿನ ವ್ಯತ್ಯಾಸ. ಲೆಕ್ಕ ಹಾಕಿದರೆ ಸುಮಾರು 32 ಸಾವಿರ ಪಟ್ಟು ಕಡಿಮೆ. ಆದರೂ ಎರಡೂ ಕಾಗದದ ಮೇಲೆ ಅಚ್ಚಾಗಿರುವುದು ಒಂದೇ ಪದ, ‘ಪಾಸಿಟಿವ್’. ನಮ್ಮಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 35 ಅನ್ನು ಗೆರೆಯಾಗಿ ಇಟ್ಟಿದ್ದರಿಂದ 34 ಕೂಡ ಪಾಸಿಟಿವ್ವೇ. ಒಂದು ಎಚ್ಚರಿಕೆ: ಲ್ಯಾಬು, ಕಿಟ್ಟು, ಸ್ವಾಬ್ ತೆಗೆದ ಕೈ ಬದಲಾದರೆ ಈ ಸಂಖ್ಯೆಯೂ ಬದಲಾಗುತ್ತದೆ. ಆದ್ದರಿಂದ ಇದನ್ನೇ ಹಿಡಿದುಕೊಂಡು ವಾದ ಮಾಡಬೇಡಿ. ನಿಮ್ಮ ಸಮಾಧಾನಕ್ಕೆ ನೋಡಿಕೊಳ್ಳಿ, ಸಾಕು.

ಇದು ಹೊಸ ತಿಳಿವಳಿಕೆಯೇನೂ ಅಲ್ಲ. 2020ರಲ್ಲೇ ದಕ್ಷಿಣ ಕೊರಿಯಾದವರು ವಾಸಿಯಾಗಿ ಮನೆಗೆ ಹೋಗಿ ಮತ್ತೆ ಪಾಸಿಟಿವ್ ಬಂದ 285 ಜನರನ್ನು ಹಿಂಬಾಲಿಸಿ ನೋಡಿದರು. ಅವರಿಂದ ಬೇರೆಯವರಿಗೆ ಹರಡಿದ್ದಕ್ಕೆ ಪುರಾವೆ ಸಿಗಲಿಲ್ಲ. 108 ಜನರ ಮಾದರಿಯಲ್ಲಿ ವೈರಸ್ ಬೆಳೆಸಲು ಪ್ರಯತ್ನ ಮಾಡಿದರು, ಒಂದರಲ್ಲೂ ಬೆಳೆಯಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಲಘು ಲಕ್ಷಣದವರನ್ನು ಮನೆಗೆ ಕಳಿಸುವ ಮುನ್ನ ಮತ್ತೆ ಟೆಸ್ಟ್ ಬೇಡ ಅಂದಿತು. ಅದಾದ ಕೆಲವೇ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯೂ ಎರಡು ನೆಗೆಟಿವ್ ಬೇಕು ಅನ್ನುವ ತನ್ನ ಹಳೆಯ ಷರತ್ತನ್ನು ಕೈಬಿಟ್ಟಿತು. ಐದು ವರ್ಷ ಆಯಿತು. ಕೆಲವು ಎಚ್‌ಆರ್ ಫೈಲುಗಳಲ್ಲಿ ಮಾತ್ರ ಇನ್ನೂ 2020ರ ಏಪ್ರಿಲ್ ನಡೆಯುತ್ತಿದೆ.

ಇನ್ನು ಈ 14 ದಿನದ ಕಥೆ. ಕಾರ್ಖಾನೆಗಳಲ್ಲಿ ಒಬ್ಬರು 5 ಅನ್ನುತ್ತಾರೆ, ಇನ್ನೊಬ್ಬರು 7, ಮತ್ತೊಬ್ಬರು 10, 14. ಎಲ್ಲ ಸಂಖ್ಯೆಗೂ ಒಂದೊಂದು ಹುಟ್ಟೂರು ಇದೆ. 14 ಬಂದಿದ್ದು ಕ್ವಾರಂಟೈನ್‌ನಿಂದ. ರೋಗಿಯ ಜೊತೆ ಇದ್ದು, ಇನ್ನೂ ರೋಗ ಬಂದಿದೆಯೋ ಇಲ್ಲವೋ ಗೊತ್ತಿಲ್ಲದವರನ್ನು ಕಾದು ನೋಡುವ ಅವಧಿ ಅದು. ರೋಗ ಬಂದು ಹೋದವರಿಗೆ ಅದು ಅನ್ವಯಿಸುವುದೇ ಇಲ್ಲ. 10 ದಿನ ಅನ್ನುವುದು 2020 ಮತ್ತು 2021ರ ನಿಯಮ. 2022ರ ಜನವರಿ 5ರಂದು, ಓಮಿಕ್ರಾನ್ ಸಮಯದಲ್ಲಿ, ಕೇಂದ್ರ ಆರೋಗ್ಯ ಸಚಿವಾಲಯ ಮನೆ ಆರೈಕೆಯ ಮಾರ್ಗಸೂಚಿ ಬದಲಿಸಿತು. ಪಾಸಿಟಿವ್ ಬಂದ ದಿನದಿಂದ ಕನಿಷ್ಠ 7 ದಿನ ಕಳೆದಿರಬೇಕು, ಸತತ 3 ದಿನ ಜ್ವರ ಇರಬಾರದು, ಅಷ್ಟಾದರೆ ಪ್ರತ್ಯೇಕವಾಸ ಮುಗಿಯಿತು, ಮರುಪರೀಕ್ಷೆ ಬೇಡ, ಮಾಸ್ಕ್ ಮುಂದುವರಿಸಿ ಅಂತ. ನಿಮ್ಮ ಲೆಕ್ಕ ಜೂನ್ 9ಕ್ಕೆ ಸರಿಯಾಗಿ ಮುಗಿದಿದೆ. 10ರಂದು ನೀವು ಗೇಟಿಗೆ ಹೋಗಿದ್ದು ನಿಯಮದ ಪ್ರಕಾರವೇ.

5 ದಿನದ್ದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ನಿಯಮ. 2021ರ ಡಿಸೆಂಬರ್‌ನಲ್ಲಿ ಬಂತು, 2024ರ ಮಾರ್ಚ್‌ನಲ್ಲಿ ಅದೂ ಹೋಯಿತು. ಈಗ ಅಲ್ಲಿ ಮಾತ್ರೆ ಇಲ್ಲದೆ 24 ಗಂಟೆ ಜ್ವರವಿಲ್ಲದೆ ಇದ್ದು, ಲಕ್ಷಣಗಳು ಕಡಿಮೆಯಾಗುತ್ತಿದ್ದರೆ ಹೊರಗೆ ಹೋಗಬಹುದು, ಮುಂದಿನ 5 ದಿನ ಮಾಸ್ಕ್, ಗಾಳಿಯಾಡುವ ಜಾಗ ಇತ್ಯಾದಿ ಎಚ್ಚರ ಬೇಕು ಅನ್ನುತ್ತಾರೆ. ಮೈಸೂರಿನಲ್ಲಿ ವಿದೇಶಿ ಮೂಲದ ಕಂಪನಿಗಳಿವೆಯಲ್ಲ, ಅವುಗಳ ಕೈಪಿಡಿಯಲ್ಲಿ ಈ 5 ಇನ್ನೂ ಕಾಣುತ್ತದೆ. ನನ್ನನ್ನು ಕೇಳಿದರೆ ನಮ್ಮ ಕಾರ್ಖಾನೆಗಳಿಗೆ 7 ದಿನವೇ ಸರಿ. ನಲವತ್ತು ಜನ ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕೂತು ಬರುವ ಕಡೆ ಒಂದು ದಿನದ ನಿಯಮ ನನಗೆ ಒಪ್ಪಿಗೆಯಿಲ್ಲ.

ಕಾನೂನಿನ ಬಲದ ಬಗ್ಗೆಯೂ ಪ್ರಾಮಾಣಿಕವಾಗಿ ಹೇಳಬೇಕು. ವಿಪತ್ತು ನಿರ್ವಹಣಾ ಕಾಯ್ದೆಯಡಿ ಇದ್ದ ಕೋವಿಡ್ ಆದೇಶಗಳು 2022ರ ಮಾರ್ಚ್ 31ಕ್ಕೆ ಕೊನೆಗೊಂಡವು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತು ಪರಿಸ್ಥಿತಿಯನ್ನೂ ಹಿಂತೆಗೆದುಕೊಂಡಿತು. ಹಾಗಾಗಿ ಇಂದು 7 ದಿನ ಅನ್ನುವುದು ಮಾರ್ಗಸೂಚಿ, ಪೊಲೀಸರು ಬಂದು ಜಾರಿ ಮಾಡುವಂಥದ್ದಲ್ಲ. ಆದರೆ ಸರ್ಕಾರದ ದಿಕ್ಕು ಸ್ಪಷ್ಟವಾಗಿದೆ. 2023ರ ಡಿಸೆಂಬರ್ ಕೊನೆಯಲ್ಲಿ ಕೋವಿಡ್‌ನ ಜೆಎನ್.1 ತಳಿ ಬಂದಾಗ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ನೇತೃತ್ವದ ಸಂಪುಟ ಉಪಸಮಿತಿ ಸೋಂಕಿತರಿಗೆ 7 ದಿನ ಮನೆವಾಸ, ಅಷ್ಟು ದಿನ ರಜೆ ಅಂತ ತೀರ್ಮಾನಿಸಿತ್ತು, ಖಾಸಗಿಯವರಿಗೂ ಸೇರಿಸಿ. 2025ರ ಮೇ ಕೊನೆಯಲ್ಲಿ ಶಾಲೆಗಳಿಗೆ ಬಂದ ಸುತ್ತೋಲೆ ನೋಡಿ: ಜ್ವರ, ಕೆಮ್ಮು, ನೆಗಡಿ ಇದ್ದರೆ ಮಕ್ಕಳನ್ನು ಕಳಿಸಬೇಡಿ, ಪೂರ್ತಿ ವಾಸಿಯಾದ ಮೇಲೆ ವೈದ್ಯರ ಸಲಹೆಯಂತೆ ಕಳಿಸಿ ಅಂತ ಇದೆ.

ಈಗ ದುಡ್ಡಿನ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ಕಾರ್ಖಾನೆಗಳ ಆರೋಗ್ಯ ಕೇಂದ್ರಗಳಲ್ಲಿ ಕೂತು ನಾನು ಕಂಡಿರುವುದು ಇಷ್ಟು. ಜ್ವರ ಬಂದರೆ ಸಂಬಳ ಹೋಗುತ್ತದೆ ಅನ್ನುವ ಕಡೆ ಯಾರಿಗೂ ಜ್ವರ ಬರುವುದಿಲ್ಲ. ಬೆಳಗಿನ ಐದಕ್ಕೆ ಒಂದು ಡೋಲೊ 650 ನುಂಗುತ್ತಾರೆ, ಏಳಕ್ಕೆ ಗೇಟಿನಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್ 97 ತೋರಿಸುತ್ತದೆ, ಹನ್ನೊಂದರ ಹೊತ್ತಿಗೆ ಲೈನ್‌ನಲ್ಲಿ ಮೈ ಸುಡಲು ಶುರುವಾಗುತ್ತದೆ. ಪಕ್ಕದ ಹುಡುಗಿಗೆ ಗೊತ್ತು, ಅವಳೂ ಹೇಳುವುದಿಲ್ಲ. ನಾಳೆ ಅವಳಿಗೂ ಅದೇ ಪಾಡು ಅಲ್ವಾ? ನಿಮ್ಮ ಎಚ್‌ಆರ್‌ನವರು ಇನ್ನೂ 14 ದಿನ ಸಂಬಳ ಇಲ್ಲ ಅಂದಿದ್ದು ಇಡೀ ಲೈನ್‌ಗೆ ಕೇಳಿಸಿರುತ್ತದೆ. ಮುಂದಿನ ಸಲ ಯಾರೂ ಟೆಸ್ಟ್ ಮಾಡಿಸುವುದಿಲ್ಲ. ಹುಷಾರಿಲ್ಲ ಅಂತ ನಿಜ ಹೇಳಿದವರಿಗೆ ಶಿಕ್ಷೆ ಕೊಟ್ಟು ರೋಗ ತಡೆಯುತ್ತೇವೆ ಅಂದರೆ ಅದು ಆಗದ ಮಾತು.

ನಿಮಗೆ ಸಿಗಬೇಕಾದ್ದನ್ನು ನೋಡೋಣ. ಇಎಸ್‌ಐಗೆ ನಿಮ್ಮ ಸಂಬಳದಿಂದ ಶೇ. 0.75 ಹೋಗುತ್ತದೆ, 15,600ಕ್ಕೆ 117 ರೂಪಾಯಿ. ಕಂಪನಿ ಶೇ. 3.25 ಕಟ್ಟುತ್ತದೆ, 507 ರೂಪಾಯಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರೊಳಗೆ ಬರುತ್ತಾರೆ. ಕಾಯಿಲೆ ಬಿದ್ದಾಗ ಸರಾಸರಿ ದಿನಗೂಲಿಯ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ, ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ. ನಿಮ್ಮ ದಿನಗೂಲಿ 600 ಅಂತ ಇಟ್ಟುಕೊಂಡರೆ ದಿನಕ್ಕೆ 420. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ನೀವು ಜೂನ್ 2ರಂದೇ ಡಿಸ್ಪೆನ್ಸರಿಯಲ್ಲಿ ತೋರಿಸಿ 9ರವರೆಗೆ ಸರ್ಟಿಫಿಕೇಟ್ ಪಡೆದಿದ್ದರೆ ಆರು ದಿನಕ್ಕೆ 2,520 ರೂಪಾಯಿ ಬರುತ್ತಿತ್ತು. ಹಿಂದಿನ ತಾರೀಖಿಗೆ ಸರ್ಟಿಫಿಕೇಟ್ ಸಿಗುವುದು ಕಷ್ಟ. ಆದರೂ ಎರಡೂ ರಿಪೋರ್ಟ್ ತೆಗೆದುಕೊಂಡು ನಿಮ್ಮ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ, ಕೇಳಿ ನೋಡಿ. ಹೇಗಿದ್ದರೂ ಫಿಟ್‌ನೆಸ್ ಸರ್ಟಿಫಿಕೇಟ್ ಅಲ್ಲೇ ಪಡೆಯಬಹುದು, ಖಾಸಗಿ ಕ್ಲಿನಿಕ್ಕಿಗೆ ಮತ್ತೆ ದುಡ್ಡು ಸುರಿಯಬೇಡಿ. ಮುಂದೆ ಯಾವ ಕಾಯಿಲೆಯೇ ಬರಲಿ, ಮೊದಲ ದಿನವೇ ಡಿಸ್ಪೆನ್ಸರಿಗೆ ಹೋಗಿಬಿಡಿ. ಇಎಸ್‌ಐ ಕಾಯಿಲೆ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ನೌಕರರನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ, ಶಿಕ್ಷಿಸುವಂತಿರಲಿಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಇಎಸ್‌ಐ ಕಾಯ್ದೆಯ 73ನೇ ಕಲಂ ಅದನ್ನೇ ಹೇಳುತ್ತಿತ್ತು.

ಇನ್ನೊಂದು ದಾರಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಕಾರ್ಖಾನೆಗಳ ಕಾಯ್ದೆಯ 79ನೇ ಕಲಂ ಪ್ರಕಾರ ವರ್ಷದಲ್ಲಿ 240 ದಿನ ಕೆಲಸ ಮಾಡಿದವರಿಗೆ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳ ಸಹಿತ ರಜೆ ಸೇರುತ್ತಿತ್ತು. ಸಾಮಾನ್ಯವಾಗಿ ಈ ರಜೆಗೆ 15 ದಿನ ಮೊದಲೇ ಅರ್ಜಿ ಕೊಡಬೇಕಿತ್ತು. ಕಾಯಿಲೆಗೆ ಮಾತ್ರ ಆ ಷರತ್ತು ಇರಲಿಲ್ಲ. ಮೊದಲೇ ಅರ್ಜಿ ಕೊಟ್ಟಿಲ್ಲ ಅನ್ನುವ ಕಾರಣಕ್ಕೆ ನಿರಾಕರಿಸುವ ಹಾಗಿಲ್ಲ ಅಂತ ಅದೇ ಕಲಂನಲ್ಲಿ ಇತ್ತು. ನಿಮ್ಮ ಲೆಕ್ಕದಲ್ಲಿ ರಜೆ ಉಳಿದಿದ್ದರೆ ಜೂನ್ 2ರಿಂದ 9ರವರೆಗೆ ಅದಕ್ಕೆ ಹಾಕಿಸಿ. ಒಂದೇ ದಿನಕ್ಕೆ ಸಂಬಳವನ್ನೂ ಇಎಸ್‌ಐ ಭತ್ಯೆಯನ್ನೂ ಪಡೆಯಲಾಗುವುದಿಲ್ಲ, ಅದು ಗಮನದಲ್ಲಿರಲಿ. ಅಂಗಡಿ, ಆಫೀಸು, ಐಟಿ ಕಂಪನಿಗಳಲ್ಲಿ ಇರುವವರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಕಾಯಿಲೆಗೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ.

ಉಳಿದಿದ್ದು ಜೂನ್ 10ರಿಂದ ಆಚೆಗಿನ ದಿನಗಳು. ವೈದ್ಯರ ಪ್ರಕಾರ ನೀವು ಫಿಟ್, ಆದ್ದರಿಂದ ಇಎಸ್‌ಐ ಕೊಡುವುದಿಲ್ಲ. ಕಂಪನಿಯ ಪ್ರಕಾರ ನೀವು ರೋಗಿ, ಆದ್ದರಿಂದ ಸಂಬಳ ಕೊಡುವುದಿಲ್ಲ. ನಡುವೆ ಬಿದ್ದವರು ನೀವು. ಕೆಲಸಕ್ಕೆ ಸಿದ್ಧವಾಗಿ ಗೇಟಿಗೆ ಬಂದವರನ್ನು ತನ್ನದೇ ಹೆಚ್ಚುವರಿ ನಿಯಮಕ್ಕಾಗಿ ವಾಪಸ್ ಕಳಿಸಿದರೆ ಆ ದಿನಗಳ ಸಂಬಳ ಕಂಪನಿಯ ತಲೆಗೇ ಬರಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹೆಚ್ಚು ಎಚ್ಚರ ಬೇಕು ಅಂತ ಕಂಪನಿಗೆ ಅನ್ನಿಸಿದರೆ ಇಟ್ಟುಕೊಳ್ಳಲಿ, ಸಂಬಳ ಕೊಟ್ಟು ಮನೆಯಲ್ಲಿ ಕೂರಿಸಲಿ. ಟೆಸ್ಟ್ ಬೇಕಿದ್ದರೆ ಅದರ ಖರ್ಚನ್ನೂ ಕಂಪನಿಯೇ ಹಾಕಲಿ.

ಬಾಯಿ ಮಾತಿನಲ್ಲಿ ಜಗಳ ಬೇಡ. ಒಂದು ಹಾಳೆಯಲ್ಲಿ ಹೀಗೆ ಬರೆದು ಕೊಡಿ:

“ಮಾನವ ಸಂಪನ್ಮೂಲ ವಿಭಾಗದ ವ್ಯವಸ್ಥಾಪಕರಿಗೆ. ನನಗೆ ಜೂನ್ 1ರಂದು ಜ್ವರ ಬಂದು, 2ರಂದು ಕೋವಿಡ್ ದೃಢಪಟ್ಟಿತು. 4ರಿಂದ ಜ್ವರವಿಲ್ಲ. 9ಕ್ಕೆ ಏಳು ದಿನ ಮುಗಿದಿದೆ. 10ರಂದು ಕೆಲಸಕ್ಕೆ ಬಂದಾಗ ನೆಗೆಟಿವ್ ವರದಿ ಇಲ್ಲವೆಂದು ಗೇಟಿನಿಂದ ವಾಪಸ್ ಕಳಿಸಲಾಯಿತು. ಕೇಂದ್ರ ಆರೋಗ್ಯ ಸಚಿವಾಲಯದ 5-1-2022ರ ಮಾರ್ಗಸೂಚಿಯಂತೆ ಮರುಪರೀಕ್ಷೆ ಅಗತ್ಯವಿಲ್ಲ. ವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್ ಲಗತ್ತಿಸಿದ್ದೇನೆ. ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡು, 10ರಿಂದ ಇಲ್ಲಿಯವರೆಗಿನ ದಿನಗಳನ್ನು ಹಾಜರಿ ಎಂದು ಪರಿಗಣಿಸಬೇಕಾಗಿ ವಿನಂತಿ. ಸಾಧ್ಯವಿಲ್ಲದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ.”

ಕೊನೆಯ ಸಾಲನ್ನು ಬಿಡಬೇಡಿ. ‘ನೆಗೆಟಿವ್ ತಂದರೆ ಮಾತ್ರ’ ಅಂತ ಸಹಿ ಹಾಕಿ ಬರೆದುಕೊಡಲು ಯಾವ ಅಧಿಕಾರಿಯೂ ಸುಲಭವಾಗಿ ಒಪ್ಪುವುದಿಲ್ಲ. ಎರಡು ಪ್ರತಿ ಮಾಡಿ, ಒಂದಕ್ಕೆ ‘ಸ್ವೀಕರಿಸಿದೆ’ ಸೀಲು ಹಾಕಿಸಿಕೊಳ್ಳಿ. ಸೀಲು ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಯೂನಿಯನ್ ಇದ್ದರೆ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ನೀವು ಗುತ್ತಿಗೆದಾರರ ಮೂಲಕ ಸೇರಿದವರಾಗಿದ್ದರೆ ಪತ್ರದ ಒಂದು ಪ್ರತಿ ಗುತ್ತಿಗೆದಾರರಿಗೂ ಹೋಗಲಿ, ಇಲ್ಲದಿದ್ದರೆ ಇವರು ಅವರ ಕಡೆ, ಅವರು ಇವರ ಕಡೆ ಬೆರಳು ತೋರಿಸುತ್ತಾರೆ.

ಕೆಲಸಕ್ಕೆ ಹೋದ ಮೇಲಿನ ಮೊದಲ ವಾರದ ಬಗ್ಗೆ ಒಂದಿಷ್ಟು. ಲೈನ್‌ನಲ್ಲಿ ಮಾಸ್ಕ್ ಹಾಕುವುದು ಎಲ್ಲರಿಗೂ ಗೊತ್ತು. ಹರಡುವುದು ಹೆಚ್ಚಾಗಿ ಮಾಸ್ಕ್ ತೆಗೆಯುವ ಕಡೆ, ಅಂದರೆ ಕ್ಯಾಂಟೀನಿನಲ್ಲಿ. ಕೆಲವು ದಿನ ಬುತ್ತಿ ತೆಗೆದುಕೊಂಡು ಹೋಗಿ ಹೊರಗೆ ಮರದ ಕೆಳಗೆ ಊಟ ಮಾಡಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಮಳೆ ಇಲ್ಲದಿದ್ದರೆ ಗಾಜು ತೆಗೆಸಿ. ಕೆಮ್ಮು ಎರಡು ಮೂರು ವಾರ ಎಳೆಯಬಹುದು, ಅದು ಹರಡುವಿಕೆಯ ಗುರುತಲ್ಲ. ನಿಂತು ಮಾಡುವ ಕೆಲಸವಾದರೆ ಕೆಲವು ದಿನ ಓವರ್‌ಟೈಮ್ ಬೇಡ, ಭಾರ ಎತ್ತುವುದು ಬೇಡ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆನೋವು, ಎದೆ ಡವಡವ, ಅಥವಾ ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕಡಿಮೆ ತೋರಿಸಿದರೆ ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗಿ. ಜ್ವರ ಮತ್ತೆ ಬಂದರೂ ಅಷ್ಟೇ. ಇಲ್ಲಿ ಹೇಳಿದ್ದೆಲ್ಲ ಲಘುವಾಗಿ ಬಂದು ಹೋದವರಿಗೆ. ಆಮ್ಲಜನಕ ಹಾಕಿಸಿಕೊಂಡು ಆಸ್ಪತ್ರೆಯಲ್ಲಿದ್ದವರು, ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರು, ಕಿಡ್ನಿ ಕಸಿ ಆದವರು, ಆಸ್ಪತ್ರೆ ವಾರ್ಡಿನಲ್ಲಿ ಕೆಲಸ ಮಾಡುವವರು ತಮ್ಮ ವೈದ್ಯರನ್ನೇ ಕೇಳಬೇಕು, ಅವರಿಗೆ ದಿನ ಹೆಚ್ಚು ಬೇಕಾಗಬಹುದು.

ನಿಮ್ಮ ಹೆಸರನ್ನು ಲೈನ್‌ನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡಿ ಅಂತಲೂ ಎಚ್‌ಆರ್‌ಗೆ ಹೇಳಿ. 2020ರ ಮಾರ್ಚ್‌ನಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯ ನೌಕರರಲ್ಲಿ ಸೋಂಕು ಹರಡಿದಾಗ ಅಲ್ಲಿ ಕೆಲಸ ಮಾಡುತ್ತಾರೆ ಅನ್ನುವುದಕ್ಕೇ ಜನ ಹೆದರಿ ದೂರ ಸರಿದರು. ಮನೆ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದ ದಿನಗಳು ಅವು. ಸಮರ್ಥ ಪ್ರಾಧಿಕಾರದ ಆದೇಶವಿಲ್ಲದೆ ಹಾಗೆ ಅಂಟಿಸಬಾರದು ಅಂತ ಆ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಒಬ್ಬರ ಕಾಯಿಲೆ ಆರೋಗ್ಯ ಕೇಂದ್ರಕ್ಕೂ ಎಚ್‌ಆರ್‌ಗೂ ಗೊತ್ತಿದ್ದರೆ ಸಾಕು. ಪಕ್ಕದಲ್ಲಿ ಕೂತಿದ್ದವರಿಗೆ ‘ಲೈನ್‌ನಲ್ಲಿ ಒಬ್ಬರಿಗೆ ಬಂದಿತ್ತು, ಜ್ವರ ಬಂದರೆ ತಿಳಿಸಿ’ ಅಂತ ಹೆಸರಿಲ್ಲದೆ ಹೇಳಬಹುದು.

ಅತ್ತೆಯವರ ವಿಷಯ. ನೀವು ಹುಷಾರಿಲ್ಲದಿದ್ದಾಗ ಒಂದೇ ಮನೆಯಲ್ಲಿದ್ದು, ಇಷ್ಟು ದಿನವಾದರೂ ಅವರಿಗೆ ಏನೂ ಆಗಿಲ್ಲ ಅಂದರೆ ನಿಮ್ಮಿಂದ ಬರುವ ಸಮಯ ಹೆಚ್ಚುಕಡಿಮೆ ದಾಟಿದೆ. ಪಾತ್ರೆ ಬೇರೆ, ಕೋಣೆ ಬೇರೆ ಅಂತ ಇನ್ನು ದೂರ ಇರಬೇಕಿಲ್ಲ. ಅವರ ಸಕ್ಕರೆ ಎಷ್ಟಿದೆ ಅಂತ ಒಮ್ಮೆ ಪರೀಕ್ಷೆ ಮಾಡಿಸಿ, ಮಾತ್ರೆ ತಪ್ಪದಂತೆ ನೋಡಿಕೊಳ್ಳಿ. ಅವರಿಗೆ ಜ್ವರವೋ ದಮ್ಮೋ ಕಾಣಿಸಿಕೊಂಡರೆ ಕಾಯದೆ ಅವತ್ತೇ ತೋರಿಸಿ. ವಯಸ್ಸಾದ ಸಕ್ಕರೆ ಕಾಯಿಲೆಯವರಲ್ಲಿ ಕೋವಿಡ್ ಬೇಗ ಉಲ್ಬಣಿಸಬಹುದು.

ಸೋಮವಾರ ಬೆಳಿಗ್ಗೆ ಮೊದಲು ಡಿಸ್ಪೆನ್ಸರಿ, ಆಮೇಲೆ ಎಚ್‌ಆರ್. ಪತ್ರ ಕೊಟ್ಟು ಒಂದು ವಾರ ಕಳೆದರೂ ಉತ್ತರ ಬರದಿದ್ದರೆ, ಪತ್ರದ ಪ್ರತಿ, ಎರಡೂ ರಿಪೋರ್ಟ್, ಫಿಟ್‌ನೆಸ್ ಸರ್ಟಿಫಿಕೇಟ್, ಕೊನೆಯ ಮೂರು ತಿಂಗಳ ಸಂಬಳ ಚೀಟಿ ತೆಗೆದುಕೊಂಡು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ದೂರು ಕೊಡಿ. ದೂರು ಕೊಡಲು ವಕೀಲರೇ ಬೇಕು ಅಂತಿಲ್ಲ.